ಕೋಲಾರದ ಗಣಿಯೊಳಗಿನ ಒಗಟು

ಕೆಜಿಎಫ್ ಅಂದರೆ ಚಿನ್ನ, ಈಗೀಗ ಸಿನಿಮಾ. ನಾವು ಹೇಳಹೊರಟಿದ್ದು ಎರಡೂ ಅಲ್ಲ. 1965ರಲ್ಲಿ ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳು ನ್ಯೂಟ್ರಿನೊದ ಗುರುತು ಹಿಡಿದರು. ಆಕಾಶದಲ್ಲಿ ಹುಟ್ಟಿ, ಬಂಡೆಯನ್ನೂ ಭೂಮಿಯನ್ನೂ ತೂರಿ ಹೋಗುವ ಕಣ ಅದು.

ಒಗಟು ಬಂದದ್ದು ಆಮೇಲೆ. ಕೆಲವೇ ಸಲ, ಬಂಡೆಗೂ ಉಪಕರಣಕ್ಕೂ ನಡುವಿನ ಬರೀ ಗಾಳಿಯಲ್ಲಿ, ಒಂದೇ ಬಿಂದುವಿನಿಂದ ಜಾಡುಗಳು ಕವಲೊಡೆದಿದ್ದವು. ಭಾರದ ಹೊಸ ಕಣವೊಂದು ತುಸು ದೂರ ಬಂದು ಒಡೆದಿರಬೇಕು ಎಂದು 1975ರಲ್ಲಿ ಅವರು ಬರೆದರು. ಯುರೋಪ್, ಅಮೆರಿಕದ ದೊಡ್ಡ ಯಂತ್ರಗಳಲ್ಲಿ ಹುಡುಕಿದರೂ ಸಿಗಲಿಲ್ಲ. 'ಕೋಲಾರ ಘಟನೆಗಳು' ಎಂಬ ಹೆಸರು ಉಳಿಯಿತು.

ಜಿನೀವಾ ಬಳಿಯ ಸರ್ನ್‌ನಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸಿ 'ಭಾರದ ನ್ಯೂಟ್ರಿನೊ' ಹುಡುಕುತ್ತಾರೆ. ಮಾಮೂಲಿ ನ್ಯೂಟ್ರಿನೊ ಯಾಕಿಷ್ಟು ಹಗುರ ಎಂಬುದಕ್ಕೆ ಅದು ಉತ್ತರವಾದೀತು. ಅಲ್ಲೂ ನೋಡುವ ಗುರುತುಗಳಲ್ಲಿ ಒಂದು ಅದೇ: ಡಿಕ್ಕಿಯ ಜಾಗದಿಂದ ಆಚೆ ಕವಲೊಡೆದ ಜಾಡು. ಇದುವರೆಗೆ ಸಿಕ್ಕಿಲ್ಲ.

ಕೋಲಾರದ ಜಾಡುಗಳು ಯಾವ ಕಣದವು ಎಂಬುದೂ ತೀರ್ಮಾನವಾಗಿಲ್ಲ. ಅಲ್ಲೇ ಮತ್ತೆ ನೋಡೋಣವೆಂದರೆ ಗಣಿ 2001ರಲ್ಲಿ ಮುಚ್ಚಿತು, ಸುರಂಗಗಳಲ್ಲಿ ನೀರು ತುಂಬಿದೆ.