‘ಬಸ್’ ಅಂದ್ರೆ ಯಾರಿಗೆ?

ಹಾಸನದ ಸ್ಟ್ಯಾಂಡಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಬೋರ್ಡ್ ನೋಡ್ಕೊಂಡು ಓಡ್ತೀವಲ್ಲ, ಆ ‘ಬಸ್’ ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ?

ಲ್ಯಾಟಿನ್ ಭಾಷೆಯಲ್ಲಿ ‘ಓಮ್ನಿಬಸ್’ ಅಂದರೆ ‘ಎಲ್ಲರಿಗೂ’. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ, ದುಡ್ಡು ಕೊಟ್ಟವರು ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗೆ ಈ ಹೆಸರು ಬಿತ್ತು. 1829ರಲ್ಲಿ ಜಾರ್ಜ್ ಶಿಲಿಬಿಯರ್ ಅದನ್ನು ಲಂಡನ್ನಿಗೆ ತಂದ. ಜನರ ಬಾಯಲ್ಲಿ ತಲೆ ಹೋಗಿ ಬಾಲ ಉಳಿಯಿತು. ‘ಬಸ್’ ಅನ್ನೋದು ಬರೀ ವಿಭಕ್ತಿ ಪ್ರತ್ಯಯದ ತುಂಡು! ನಾವು ‘ಎಲ್ಲ’ ಬಿಟ್ಟು, “ರಿಗೂ ಬಂತು, ಹತ್ರೋ” ಅಂದ ಹಾಗೆ.

ಕರೆಂಟಿನ ಸಬ್‌ಸ್ಟೇಷನ್‌ನಲ್ಲಿ ಎಲ್ಲ ಲೈನುಗಳೂ ಸೇರುವ ಪಟ್ಟಿ ‘ಬಸ್‌ಬಾರ್’. ಕಂಪ್ಯೂಟರ್ ಒಳಗೆ ಡೇಟಾ ಓಡಾಡೋ ದಾರಿಯೂ ‘ಬಸ್’. ಎಲ್ಲಾ ಒಂದೇ ಬೇರು.

ಮೈಸೂರು ಸರ್ಕಾರದ ಸಾರಿಗೆ ಶುರುವಾಗಿದ್ದು 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳಿಂದ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಬಂತು. ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ಫ್ರೀ. ‘ದುಡ್ಡು ಕೊಟ್ಟವರು’ ಅನ್ನೋ ಹಳೇ ಷರತ್ತು ಅಷ್ಟರಮಟ್ಟಿಗೆ ಸಡಿಲಾಯ್ತು.

ಆದ್ರೆ ಕಿಟಕಿಯಿಂದ ಬ್ಯಾಗ್ ಎಸೆದು ಸೀಟು ಹಿಡೀತೀವಲ್ಲ? ಪಕ್ಕದಲ್ಲೇ ಅಜ್ಜಿ ಕಂಬ ಹಿಡ್ಕೊಂಡು ನಿಂತಿದ್ರೂ ಮೊಬೈಲ್ ನೋಡ್ತಾ ಕೂರ್ತೀವಲ್ಲ? ಆಗ ‘ಎಲ್ಲರಿಗೂ’ ಹೋಗಿ ‘ನನಗೆ’ ಆಗತ್ತೆ.

ನಾಳೆ ಒಂದ್ಸಲ ಎದ್ದು ಸೀಟು ಕೊಡಿ. ಕಳೆದುಹೋದ ‘ಎಲ್ಲ’ ವಾಪಸ್ ಬರಲಿ.