ಹತ್ತಿಯ ಹುಚ್ಚಿನಿಂದ ಸೆಬಿಯವರೆಗೆ: ಷೇರುಪೇಟೆಯ ನಿಯಂತ್ರಣದ ಇತಿಹಾಸ

ಷೇರು ಎಂಬುದು ಕಾಗದದ ಮೇಲಿನ ಭರವಸೆ. ಹೊಲವನ್ನೋ ಬಂಗಾರವನ್ನೋ ಕೊಳ್ಳುವವನು ಕಣ್ಣಾರೆ ನೋಡಿ ಕೊಳ್ಳಬಲ್ಲ. ಷೇರು ಕೊಳ್ಳುವವನು ತಾನು ಕಾಣದ ಕಂಪನಿಯ ಬಗ್ಗೆ ಇನ್ನೊಬ್ಬರು ಹೇಳಿದ ಮಾತನ್ನು ನಂಬಿ ಹಣ ತೆರುತ್ತಾನೆ. ಆ ಮಾತಿನ ಸತ್ಯಾಸತ್ಯತೆಯನ್ನು ಪರೀಕ್ಷಿಸುವ ಹೊಣೆ ಯಾರದು? ಭಾರತದಲ್ಲಿ ಈ ಪ್ರಶ್ನೆಗೆ ಒಂದೂವರೆ ಶತಮಾನದ ಅವಧಿಯಲ್ಲಿ ಮೂರು ಉತ್ತರಗಳು ದೊರೆತಿವೆ: ಮೊದಲು ದಲ್ಲಾಳಿಗಳ ಸಂಘ, ಅನಂತರ ಪ್ರಾಂತ್ಯ ಸರ್ಕಾರ, ಕೊನೆಗೆ ಕೇಂದ್ರದ ಶಾಸನ.

ಈ ಇತಿಹಾಸ ಹತ್ತಿಯಿಂದ ಆರಂಭವಾಗುತ್ತದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ತೊಡಗಿ, ಅಲ್ಲಿಯ ದಕ್ಷಿಣ ರಾಜ್ಯಗಳ ಹತ್ತಿ ಇಂಗ್ಲೆಂಡಿನ ಗಿರಣಿಗಳನ್ನು ತಲುಪದಂತಾಯಿತು. ಮುಂಬಯಿಯ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಸೀಮೆಯ ಹತ್ತಿಯೂ, ತಾನು ಹಡಗೇರುವ ಬಂದರಿನಿಂದ 'ಕುಮಟಾ ಹತ್ತಿ' ಎಂಬ ಹೆಸರು ಪಡೆದು, ಈ ವ್ಯಾಪಾರದಲ್ಲಿ ಪಾಲ್ಗೊಂಡಿತು. ಹೀಗೆ ಹರಿದು ಬಂದ ಹಣ ಹೊಸ ಬ್ಯಾಂಕುಗಳಿಗೆ, ಕಡಲನ್ನು ತುಂಬಿ ನೆಲ ಮಾಡುವ ಕಂಪನಿಗಳಿಗೆ ಸುರಿಯಿತು. ದಲ್ಲಾಳಿ ಪ್ರೇಮಚಂದ ರಾಯಚಂದರು ಈ ಕಾಲದ ಕೇಂದ್ರವ್ಯಕ್ತಿ. ಷೇರುಗಳು ಹಣಕ್ಕಿಂತ ಹೆಚ್ಚಾಗಿ ವಾಯಿದೆಯ ಮೇಲೆ ಕೈ ಬದಲಾಯಿಸುತ್ತಿದ್ದವು. 1865ರ ಏಪ್ರಿಲ್‌ನಲ್ಲಿ ಯುದ್ಧ ಮುಗಿಯುತ್ತ ಬಂದಂತೆ ಹತ್ತಿಯ ಬೆಲೆ ಕುಸಿಯಿತು. ಜುಲೈ 1ರಂದು ತೀರಬೇಕಿದ್ದ ವಾಯಿದೆಗಳನ್ನು ತೀರಿಸಲಾಗದೆ ಅನೇಕರು ದಿವಾಳಿಯಾದರು.

ಈ ಕುಸಿತದಲ್ಲಿ ಗಮನಿಸಬೇಕಾದದ್ದು ಬ್ಯಾಂಕ್ ಆಫ್ ಬಾಂಬೆಯ ಪತನ. ಸರ್ಕಾರ ಸ್ವತಃ ಅದರ ಷೇರುದಾರನಾಗಿತ್ತು. ನಿರ್ದೇಶಕ ಮಂಡಳಿಯಲ್ಲಿ ಸರ್ಕಾರದ ಪ್ರತಿನಿಧಿಗಳಿದ್ದರು. ಆದರೆ 1863ರ ಶಾಸನ ಸಾಲದ ಮೇಲಿನ ಹಳೆಯ ಕಟ್ಟುಪಾಡುಗಳನ್ನು ಸಡಿಲಿಸಿದ್ದರಿಂದ, ಬ್ಯಾಂಕು ಷೇರುಗಳನ್ನೇ ಅಡವಿಟ್ಟುಕೊಂಡು ಧಾರಾಳವಾಗಿ ಸಾಲ ಕೊಟ್ಟಿತು. ಸರ್ಕಾರದ ಹೆಸರನ್ನು ನಂಬಿ ಹಣ ಹಾಕಿದ ಜನರಿಗೆ ಆ ಹೆಸರು ಆಸರೆಯಾಗಲಿಲ್ಲ. 1868ರಲ್ಲಿ ಬ್ಯಾಂಕು ಮುಚ್ಚಿತು. ಸರ್ ಚಾರ್ಲ್ಸ್ ಜ್ಯಾಕ್ಸನ್ ಅಧ್ಯಕ್ಷತೆಯ ಆಯೋಗ ವಿಚಾರಣೆ ನಡೆಸಿತು. ಹೆಸರಿಗೆ ಮೇಲ್ವಿಚಾರಣೆ ಇದ್ದರೂ ಅದನ್ನು ನಡೆಸುವವರಿಲ್ಲದಿದ್ದರೆ ಆಗುವ ಅನರ್ಥಕ್ಕೆ ಇದು ಭಾರತದ ಮೊದಲ ದೊಡ್ಡ ನಿದರ್ಶನ.

ಪೇಟೆಗೆ ಮೊದಲ ಶಿಸ್ತು ಪೇಟೆಯೊಳಗಿನಿಂದಲೇ ಬಂದಿತು. 1875ರಲ್ಲಿ ದೇಶೀಯ ದಲ್ಲಾಳಿಗಳು ಕೂಡಿ ಸಂಘ ಕಟ್ಟಿಕೊಂಡರು. ಇಂದಿನ ಮುಂಬಯಿ ಷೇರುಪೇಟೆಯ ಮೂಲ ಇದೇ. ಸದಸ್ಯರ ನಡತೆಗೆ ನಿಯಮಗಳು ಹುಟ್ಟಿದವು. ಆದರೆ ಸಂಘದ ಮುಖ್ಯ ಉದ್ದೇಶ ದಲ್ಲಾಳಿಗಳ ಗೌರವ ಹಾಗೂ ಹಿತಗಳ ರಕ್ಷಣೆ. ಅವರ ಮೂಲಕ ಷೇರು ಕೊಳ್ಳುವ ಸಾಮಾನ್ಯನಿಗೆ ಅಲ್ಲಿ ಸ್ಥಾನವಿರಲಿಲ್ಲ.

ಎರಡನೆಯ ಉತ್ತರ ಪ್ರಾಂತ್ಯದ್ದು. ಮೊದಲ ಮಹಾಯುದ್ಧದ ಅನಂತರದ ಸಟ್ಟಾ ವ್ಯವಹಾರಗಳಿಂದ ಎಚ್ಚೆತ್ತ ಮುಂಬಯಿ ಸರ್ಕಾರ ಅಟ್ಲೆ ಸಮಿತಿಯಿಂದ ವಿಚಾರಣೆ ನಡೆಸಿ, 1925ರಲ್ಲಿ ಸೆಕ್ಯುರಿಟಿ ಒಪ್ಪಂದಗಳ ನಿಯಂತ್ರಣ ಕಾಯಿದೆಯನ್ನು ತಂದಿತು. ಸರ್ಕಾರದ ಮನ್ನಣೆ, ಸರ್ಕಾರ ಒಪ್ಪಿದ ನಿಯಮಾವಳಿ ಎಂಬ ಕಲ್ಪನೆಗಳು ಇಲ್ಲಿ ರೂಪುಗೊಂಡವು. ಆದರೆ 'ತಕ್ಷಣದ ವಿಲೇವಾರಿ' ಒಪ್ಪಂದಗಳನ್ನು ಕಾಯಿದೆ ಹೊರಗಿಟ್ಟಿತ್ತು. ವಾಯಿದೆಗೆ ಆ ಹೆಸರು ಕೊಟ್ಟವರು ಸುಲಭವಾಗಿ ಪಾರಾದರು. ಪ್ರಾಂತ್ಯದ ಗಡಿಯಾಚೆಗೆ ಅದರ ಅಧಿಕಾರವೂ ಸಾಗುತ್ತಿರಲಿಲ್ಲ.

ಸಂವಿಧಾನವು ಷೇರುಪೇಟೆಗಳನ್ನು ಕೇಂದ್ರದ ಪಟ್ಟಿಗೆ ಸೇರಿಸಿದ್ದು ಮೂರನೆಯ ಘಟ್ಟದ ಆರಂಭ. ಗೋರವಾಲಾ ಸಮಿತಿಯ ವರದಿಯನ್ನಾಧರಿಸಿದ 1956ರ ಶಾಸನ ಇಡೀ ದೇಶಕ್ಕೆ ಅನ್ವಯಿಸಿತು. ಪ್ರಾದೇಶಿಕ ಪೇಟೆಗಳು ಉಳಿದವು, ಆದರೆ ಕೇಂದ್ರದ ಮನ್ನಣೆಯಿಂದ ಮಾತ್ರ; 1963ರಲ್ಲಿ ಬೆಂಗಳೂರು ಷೇರುಪೇಟೆಯೂ ಅದನ್ನು ಪಡೆಯಿತು. ಇತ್ತ ಹೊಸ ಷೇರುಗಳ ಬಿಡುಗಡೆಗೂ ಅವುಗಳ ಬೆಲೆಗೂ, ಯುದ್ಧಕಾಲದಲ್ಲಿ ಹುಟ್ಟಿ 1947ರ ಕಾಯಿದೆಯಿಂದ ಮುಂದುವರಿದ ಬಂಡವಾಳ ನಿಯಂತ್ರಣ ಕಚೇರಿಯ ಅನುಮತಿ ಬೇಕಿತ್ತು. ಬೆಲೆಯನ್ನು ಸರ್ಕಾರ ನಿರ್ಧರಿಸುತ್ತಿತ್ತು. ಕಂಪನಿಯ ಮಾತಿನ ಸತ್ಯಶೋಧನೆ ಮಾತ್ರ ದುರ್ಬಲವಾಗಿಯೇ ಉಳಿಯಿತು.

1988ರಲ್ಲಿ ಸ್ಥಾಪನೆಗೊಂಡ ಸೆಬಿಗೆ 1992ರಲ್ಲಿ ಶಾಸನದ ಬಲ ದೊರೆಯಿತು. ಹೂಡಿಕೆದಾರರ ಹಿತರಕ್ಷಣೆಯೇ ಅದರ ಮೊದಲ ಕರ್ತವ್ಯವೆಂದು ಕಾಯಿದೆ ಘೋಷಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಹರ್ಷದ್ ಮೆಹ್ತಾ ಹಗರಣ ಬಯಲಾಯಿತು. ಹಿಂದೆ ಯಾವ ಪತ್ರವೂ ಇಲ್ಲದ ಬ್ಯಾಂಕ್ ರಸೀದಿಗಳ ಮೂಲಕ ಬ್ಯಾಂಕುಗಳ ಹಣ ಷೇರುಪೇಟೆಗೆ ಹರಿದಿತ್ತು. ಬ್ಯಾಂಕುಗಳನ್ನು ನೋಡುವುದು ರಿಸರ್ವ್ ಬ್ಯಾಂಕು, ಪೇಟೆಯನ್ನು ನೋಡುವುದು ಸೆಬಿ. ಎರಡರ ನಡುವಿನ ಓಣಿಯಲ್ಲಿ ಹಗರಣ ನಡೆದಿತ್ತು. ಹೊಸ ಸಂಸ್ಥೆಗೆ ಹೆಸರಿತ್ತು, ಹಲ್ಲಿರಲಿಲ್ಲ. ದಂಡ ವಿಧಿಸುವ ಅಧಿಕಾರಗಳು 1995ರಲ್ಲಿ ಮತ್ತು, 2001ರ ಇನ್ನೊಂದು ಹಗರಣದ ಅನಂತರ, 2002ರಲ್ಲಿ ಹೆಚ್ಚಿದವು. 1996ರ ಡಿಪಾಸಿಟರಿ ಕಾಯಿದೆ ಕಾಗದದ ಷೇರನ್ನು ಗಣಕದ ಖಾತೆಗೆ ಸಾಗಿಸಿ, ನಕಲಿ ಪತ್ರಗಳ ಹಾವಳಿಗೆ ಕಡಿವಾಣ ಹಾಕಿತು. ಲೆಕ್ಕವನ್ನು ಮುಂದೂಡುವ 'ಬದ್ಲಾ' ಪದ್ಧತಿ 2001ರಲ್ಲಿ ನಿಂತಿತು. ದೇಶವ್ಯಾಪಿ ಗಣಕವಹಿವಾಟಿನ ಎದುರು ಪ್ರಾದೇಶಿಕ ಪೇಟೆಗಳು ಸೊರಗಿದವು. 2012ರ ನಿರ್ಗಮನ ನಿಯಮಗಳ ಅನಂತರ, 2014ರಲ್ಲಿ ಬೆಂಗಳೂರಿನ ಪೇಟೆಯೂ ಆ ಪಾತ್ರದಿಂದ ಹಿಂದೆ ಸರಿಯಿತು.

ಈ ಮೂರು ಘಟ್ಟಗಳಲ್ಲಿ ಅಧಿಕಾರ ಮುಂಬಯಿಯ ಬೀದಿಯಿಂದ ರಾಷ್ಟ್ರದ ಸಂಸ್ಥೆಯೆಡೆಗೆ ಸಾಗಿದಂತೆಯೇ, ರಕ್ಷಣೆಯ ಅರ್ಥವೂ ಬದಲಾಗಿದೆ. ಲಾಭದ ಖಾತರಿ ಯಾವ ಕಾಯಿದೆಯಲ್ಲಿಯೂ ಇಲ್ಲ. ಇಂದಿನ ಶಾಸನ ಕೇಳುವುದು ಕಂಪನಿಯು ತನ್ನ ಬಗ್ಗೆ ಹೇಳುವ ಮಾತು ನಿಜವಾಗಿರಬೇಕು ಎಂಬುದನ್ನು. ಆದರೆ ಆ ಶಾಸನದ ಬಲವಾದ ನಿಯಮಗಳಲ್ಲಿ ಬಹುಪಾಲು ಯಾವುದೋ ಕುಸಿತದ ಅನಂತರ ಬಂದಂಥವು. 1865ರಲ್ಲಿ ಎಲ್ಲವನ್ನೂ ಕಳೆದುಕೊಂಡವರಿಗೆ 1925ರ ಕಾಯಿದೆಯಿಂದ ಪ್ರಯೋಜನವಾಗಲಿಲ್ಲ. ಇಂದಿನ ಹೂಡಿಕೆದಾರನಿಗಿರುವ ರಕ್ಷಣೆಯ ಬೆಲೆಯನ್ನು ತೆತ್ತವರು ಅವರು.