ರೀಪ್ಯಾಕ್ ಇಳಿಜಾರಿನಿಂದ ಸೈಕಲ್ ಅಂಗಡಿಗೆ

ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರಿದೆ. ಅದರ ಹತ್ತಿರದ ಗುಡ್ಡದ ಮಣ್ಣುದಾರಿಯೊಂದು ಎರಡು ಮೈಲಿ ಚಿಲ್ಲರೆ ದೂರದಲ್ಲಿ ಸುಮಾರು 1300 ಅಡಿ ಕೆಳಗಿಳಿಯುತ್ತದೆ. 1976ರ ಅಕ್ಟೋಬರಿನಲ್ಲಿ ಕೆಲವು ಗೆಳೆಯರು ಅಲ್ಲಿ ಸೈಕಲ್ ಪಂದ್ಯ ಶುರುಮಾಡಿದರು. ಅವರು ಹತ್ತಿದ್ದು 1930-40ರ ದಶಕದ, ದಪ್ಪ ಟೈರಿನ ಹಳೆಯ ಶ್ವಿನ್ ಸೈಕಲ್‌ಗಳನ್ನು.

ಆ ಸೈಕಲ್‌ಗಳಿಗಿದ್ದುದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ಹಿಡಿಯುವ ಬ್ರೇಕ್. ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮನೆಗೆ ಬಂದವರೇ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕು. ಹಾಗೆ ಮತ್ತೆ ತುಂಬುವ ಕೆಲಸದ ಇಂಗ್ಲಿಷ್ ಹೆಸರೇ ಪಂದ್ಯಕ್ಕೂ ದಾರಿಗೂ ಅಂಟಿಕೊಂಡಿತು: ರೀಪ್ಯಾಕ್.

ಮೌಂಟೇನ್ ಬೈಕಿನ ಚರಿತ್ರೆ ಹೀಗೆ ಬ್ರೇಕಿನ ಚಿಂತೆಯಿಂದಲೇ ಬೆಳೆಯಿತು. ಗ್ಯಾರಿ ಫಿಶರ್ ತನ್ನ ಹಳೆಯ ಸೈಕಲ್ಲಿಗೆ ಡ್ರಮ್ ಬ್ರೇಕನ್ನೂ ಗಿಯರನ್ನೂ ಕೂಡಿಸಿದ. ಗಿಯರ್ ಬಂದ ಮೇಲೆ ಗುಡ್ಡವನ್ನು ತುಳಿದೇ ಹತ್ತುವುದು ಸಾಧ್ಯವಾಯಿತು. ಆದರೆ ಹಳೆಯ ಫ್ರೇಮುಗಳು ಆ ಕುಲುಕಾಟಕ್ಕೆ ತಾಳದೆ ಬಿರುಕು ಬಿಡುತ್ತಿದ್ದವು. 1977ರಲ್ಲಿ ಜೋ ಬ್ರೀಜ್ ಈ ಕೆಲಸಕ್ಕೆಂದೇ ಕ್ರೋಮ್-ಮಾಲಿ ಉಕ್ಕಿನಲ್ಲಿ ಹೊಸ ಫ್ರೇಮ್ ಕಟ್ಟಿದ. ಎರಡು ವರ್ಷದ ನಂತರ ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಫಿಶರ್ ಮತ್ತು ಚಾರ್ಲಿ ಕೆಲ್ಲಿ ಮಾರತೊಡಗಿದರು. ಬೆಲೆ ಸುಮಾರು 1300 ಡಾಲರ್. ಅಂದಿನ ವಿದ್ಯಾರ್ಥಿಗೆ ಅದು ಕನಸಿನ ಮಾತು.

1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ಸ್ಟಂಪ್‌ಜಂಪರ್ 750 ಡಾಲರಿಗೆ ಅಂಗಡಿಗೆ ಬಂತು. ಅಗ್ಗದ್ದೇನಲ್ಲ, ಆದರೆ ಕೈಗೆಟುಕದ್ದೂ ಅಲ್ಲ. ಇಂದು ನಾವು ಮಧ್ಯಮ ಬೆಲೆಯದ್ದೆಂದು ಕರೆಯುವ ಮೌಂಟೇನ್ ಬೈಕಿನ ಕಥೆ ಇಲ್ಲಿಂದ ಶುರು ಎನ್ನಬಹುದು.

ಈ ಕಥೆಯಲ್ಲಿ ಇನ್ನೂ ಸ್ಪ್ರಿಂಗಿನ ಮಾತೇ ಬಂದಿಲ್ಲ, ಗಮನಿಸಿದಿರಾ? ರಾಕ್‌ಶಾಕ್ಸ್‌ನಂಥ ಸಸ್ಪೆನ್ಷನ್ ಫೋರ್ಕು ಮಾರುಕಟ್ಟೆಗೆ ಬಂದದ್ದು 1990ರ ಸುಮಾರಿಗೆ. ಅಲ್ಲಿಯವರೆಗೆ ಹತ್ತು ವರ್ಷಕ್ಕೂ ಮಿಗಿಲಾಗಿ ಜನ ಗಟ್ಟಿ ಫೋರ್ಕಿನಲ್ಲೇ ಬೆಟ್ಟ ಇಳಿದರು. ಮೊದಲು ಬ್ರೇಕ್, ಆಮೇಲೆ ಗಿಯರ್, ಫ್ರೇಮ್. ಸ್ಪ್ರಿಂಗ್ ಎಲ್ಲಕ್ಕಿಂತ ಕೊನೆಗೆ.

ನಮ್ಮ ಅಂಗಡಿಗಳಲ್ಲಿ ಈ ಕ್ರಮ ತಲೆಕೆಳಗು. ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಹೊತ್ತ ಸೈಕಲ್ ಕಡಿಮೆ ಬೆಲೆಗೆ ಕಣ್ಣು ಕುಕ್ಕುತ್ತದೆ. ಆ ಬೆಲೆಯಲ್ಲಿ ಸ್ಪ್ರಿಂಗಿಗೆ ಹೋದ ಹಣ ಬ್ರೇಕಿನಿಂದಲೋ ಚಕ್ರದಿಂದಲೋ ಕಿತ್ತು ತಂದದ್ದೇ. ಕುಪ್ಪಳಿಕೆಯನ್ನು ತಡೆಯುವ ಡ್ಯಾಂಪಿಂಗ್ ಇಲ್ಲದ ಸ್ಪ್ರಿಂಗ್ ಬರೀ ಭಾರ. ತುಳಿದ ಶಕ್ತಿಯನ್ನೂ ಅದೇ ನುಂಗುತ್ತದೆ.

ಕೂಡಿಟ್ಟ ಹಣ ಹಿಡಿದು ಹೋಗುವವರು ಮೊದಲು ಅಳತೆ ನೋಡಿ. ಫ್ರೇಮನ್ನು ಎರಡು ಕಾಲಿನ ನಡುವೆ ಇಟ್ಟು ನಿಂತಾಗ ಕೆಳಗಿಷ್ಟು ಜಾಗ ಉಳಿಯಬೇಕು. ನಂತರ ಬ್ರೇಕ್: ಹೈಡ್ರಾಲಿಕ್ ಡಿಸ್ಕ್ ಸಿಕ್ಕರೆ ಒಳ್ಳೆಯದು, ಒಂದೇ ಬೆರಳಿಗೆ ಹಿಡಿಯುತ್ತದೆ. ಹಿಂದೆ ಸ್ಪ್ರಿಂಗ್ ಬೇಡ. ಮುಂದಿನ ಫೋರ್ಕನ್ನು ಒತ್ತಿ ಬಿಡಿ. ಅದು ಚಿಮ್ಮದೆ ನಿಧಾನವಾಗಿ ಮೇಲೇಳಬೇಕು. ಬಿಡಿಭಾಗ ನಿಮ್ಮೂರಲ್ಲೇ ಸಿಗುತ್ತದೆಯೇ ಎಂದೂ ಕೇಳಿ.

ರೀಪ್ಯಾಕಿನ ಹುಡುಗರಿಗೆ ಇದನ್ನು ಹೇಳಿಕೊಡುವವರು ಇರಲಿಲ್ಲ. ಕೆಳಗೆ ತಲುಪಿದ ಮೇಲೆ ಹೊಗೆಯಾಡುವ ಚಕ್ರ ನೋಡಿಯೇ ಅವರು ಕಲಿತರು. ನಾವು ಅಂಗಡಿಯಲ್ಲೇ ಕಲಿಯಬಹುದು.